ಅಮ್ಮನನ್ನು ಮತ್ತೆ ಅಡುಗೆಮನೆಗೆ ಬಿಡಬೇಕೇ, ಬೇಡವೇ? (ಪಾರ್ಶ್ವವಾಯುವಿನ ನಂತರದ ದಿನಚರಿ)

ಮಲೆನಾಡಿನ ಮಗಳು:
ನಮಸ್ಕಾರ. ನಮ್ಮ ಅಮ್ಮನಿಗೆ 63 ವರ್ಷ. ನಾಲ್ಕು ತಿಂಗಳ ಹಿಂದೆ ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಮತ್ತು ಬಲಗಾಲಿನ ಶಕ್ತಿ ಹೋಯಿತು. ನಮ್ಮದು ತೀರ್ಥಹಳ್ಳಿಯ ಹತ್ತಿರದ ಹಳ್ಳಿ. ಅಮ್ಮ ನೆಲದ ಮೇಲೆ ಬಿದ್ದಿದ್ದನ್ನು ನೋಡಿ ಶಿವಮೊಗ್ಗದ ಆಸ್ಪತ್ರೆ ತಲುಪುವಷ್ಟರಲ್ಲಿ, ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ನಾಲ್ಕೂವರೆ ಗಂಟೆಯ ಗಡುವು ಮೀರಿತ್ತು. ಈಗ ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ. ಮಾತು ನಿಧಾನವಾದರೂ ಅರ್ಥವಾಗುತ್ತದೆ. ಬಲಗೈ ಲೋಟವನ್ನು ಹಿಡಿಯುತ್ತದೆ, ಆದರೆ ಹಿಡಿದದ್ದನ್ನು ಬಿಡಲು ಅದಕ್ಕೆ ಬರುವುದಿಲ್ಲ. ಎಡಗೈಯಿಂದ ಒಂದೊಂದೇ ಬೆರಳನ್ನು ಬಿಡಿಸಿಕೊಳ್ಳುತ್ತಾರೆ.

ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ವೈದ್ಯರು ಚೀಟಿಯಲ್ಲಿ ‘ಓ.ಟಿ.ಗೆ ತೋರಿಸಿ’ ಎಂದು ಬರೆದಿದ್ದರು. ಇನ್ನೊಂದು ಆಪರೇಷನ್ ಇದೆ ಎಂದುಕೊಂಡು ನಾವು ಒಂದು ದಿನವೆಲ್ಲ ಗಾಬರಿಯಾಗಿದ್ದೆವು. ಅದು ಆಪರೇಷನ್ ಥಿಯೇಟರ್ ಅಲ್ಲ, ಆಕ್ಯುಪೇಷನಲ್ ಥೆರಪಿ ಎಂದು ತಿಳಿದ ಮೇಲೆ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಒಮ್ಮೆ ಹೋಗಿ ಬಂದೆವು. ಅಲ್ಲಿಯ ಥೆರಪಿಸ್ಟ್ ಮೊದಲು ಕೈಯನ್ನು ಮುಟ್ಟಿ ನೋಡಲೇ ಇಲ್ಲ. ‘ಬೆಳಗ್ಗೆ ಎದ್ದ ಕೂಡಲೇ ನೀವು ಏನು ಮಾಡುತ್ತಿದ್ದಿರಿ?’ ಎಂದು ಕೇಳಿದರು. ಅಮ್ಮ ‘ಕಾಫಿ’ ಎಂದರು. ಆಕೆ ಅದನ್ನೇ ಗುರಿಯೆಂದು ಬರೆದುಕೊಂಡರು.

ತೊಂದರೆ ಶುರುವಾದದ್ದು ಇಲ್ಲಿಂದ. ಕಳೆದ ವಾರ ಬೆಳಗಿನ ಜಾವ ಎಲ್ಲರೂ ಮಲಗಿದ್ದಾಗ ಅಮ್ಮ ತಾವೇ ಎದ್ದು ಹಾಲು ಕಾಯಿಸಲು ಇಟ್ಟಿದ್ದಾರೆ. ಇಕ್ಕಳದಲ್ಲಿ ಹಿಡಿದು ಎಡಗೈಯಿಂದ ಇಳಿಸುವಾಗ ಪಾತ್ರೆ ವಾಲಿ, ಹಾಲು ಬಲಗೈಯ ಮೇಲೆ ಚೆಲ್ಲಿದೆ. ಸುಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ. ಗುಳ್ಳೆ ಎದ್ದ ಮೇಲೆ ಅತ್ತಿಗೆ ನೋಡಿದ್ದು. ಅಂದೇ ಅಣ್ಣ ಅಡುಗೆಮನೆಗೆ ಬೀಗ ಹಾಕಿದ. ಅಮ್ಮ ಎರಡು ದಿನ ಕಾಫಿ ಮುಟ್ಟಲಿಲ್ಲ, ಅಣ್ಣನೊಂದಿಗೆ ಮಾತೂ ಆಡಲಿಲ್ಲ. ನಾನು ಬೆಂಗಳೂರಿನಿಂದ ವಾರಾಂತ್ಯಕ್ಕೆ ಹೋಗಿ ಬರುವವಳು. ಬೀಗ ತೆಗೆಯಿರಿ ಎಂದು ಹೇಳಲು ನನಗೆ ಧೈರ್ಯವಿಲ್ಲ, ಹಾಕಿರಲಿ ಎನ್ನಲು ಮನಸ್ಸಿಲ್ಲ. ಅನುಭವ ಇರುವವರು ಹೇಳಿ.

ಬೆಣ್ಣೆದೋಸೆ:
ನಿಮ್ಮ ಅಣ್ಣ ಮಾಡಿದ್ದು ಸರಿಯಾಗಿದೆ. ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದು ಸುಧಾರಿಸಿಕೊಳ್ಳುತ್ತಿದ್ದಾಗ, ‘ನನಗೆ ಯಾರ ಹಂಗೂ ಬೇಡ’ ಎಂದು ಒಬ್ಬರೇ ಬಚ್ಚಲಿಗೆ ಹೋಗಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಮೇಲೆ ಅವರು ಎದ್ದು ನಡೆಯಲೇ ಇಲ್ಲ. ಈ ವಯಸ್ಸಿನಲ್ಲಿ ಕಾಫಿ ಮಾಡಿ ಯಾರಿಗೆ ಏನಾಗಬೇಕಿದೆ?

ಒಂಟಿಗೈ ಹುಬ್ಬಳ್ಳಿ:
ಮೇಲಿನವರ ದೊಡ್ಡಪ್ಪನ ವಿಷಯ ಓದಿ ಬೇಸರವಾಯಿತು. ಆದರೆ ಅವರು ಬಿದ್ದದ್ದು ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಸರಳು ಇಲ್ಲದ ಕಾರಣಕ್ಕೋ ಅಥವಾ ಹಂಗು ಬೇಡವೆಂದ ಕಾರಣಕ್ಕೋ ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು.

ನಾನು ಕುಟುಂಬದವನಾಗಿ ಬರೆಯುತ್ತಿಲ್ಲ, ರೋಗಿಯಾಗಿ ಬರೆಯುತ್ತಿದ್ದೇನೆ. 49ನೆಯ ವಯಸ್ಸಿನಲ್ಲಿ ನನಗೆ ಎಡಭಾಗ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ತಿಂಗಳು ಹೆಂಡತಿ ಹಲ್ಲುಜ್ಜಿಸಿದಳು, ಮಗ ಚಡ್ಡಿ ಹಾಕಿಸಿದ, ತಮ್ಮ ಗಡ್ಡ ಕೆರೆದ. ಎಲ್ಲರೂ ಪ್ರೀತಿಯಿಂದಲೇ ಮಾಡಿದರು. ಆದರೆ ದಿನಕ್ಕೆ ಹದಿನಾರು ಗಂಟೆ ಎಚ್ಚರವಾಗಿದ್ದು ಏನೂ ಮಾಡದೆ ಇರುವುದು ಎಂಥ ಕೆಲಸ ಎಂಬುದು ಅದನ್ನು ಮಾಡಿದವರಿಗೇ ಗೊತ್ತು. ನಾನಾಗಿಯೇ ಅಂಗಿ ಹಾಕಿಕೊಳ್ಳುತ್ತೇನೆ ಎಂದು ಹಟ ಹಿಡಿದ ದಿನ 22 ನಿಮಿಷ ಬೇಕಾಯಿತು. ಹೆಂಡತಿ ಗಡಿಯಾರ ನೋಡಿಕೊಂಡೇ ನಿಂತಿದ್ದಳು. ಆಮೇಲೆ ಥೆರಪಿಸ್ಟ್ ಹೇಳಿಕೊಟ್ಟ ಉಪಾಯ ಇಷ್ಟೇ: ಹಾಕಿಕೊಳ್ಳುವಾಗ ಸೋತ ಕೈ ಮೊದಲು, ತೆಗೆಯುವಾಗ ಸೋತ ಕೈ ಕೊನೆಗೆ. ಅಂಗಿಯನ್ನು ತೊಡೆಯ ಮೇಲೆ ಹರವಿಕೊಂಡು, ಸೋತ ಕೈಯನ್ನು ತೋಳಿನೊಳಗೆ ಇಳಿಬಿಟ್ಟು, ಭುಜದವರೆಗೆ ಎಳೆದುಕೊಂಡ ಮೇಲೆ ಉಳಿದದ್ದು ಸುಲಭ. ಈಗ ನಾಲ್ಕು ನಿಮಿಷ ಸಾಕು.

ಇನ್ನೊಂದು ಮಾತು. ಸ್ನಾನ ಮಾಡಿ ಬಟ್ಟೆ ಹಾಕಿಕೊಂಡ ಮೇಲೆ ನಾನು ಈಗಲೂ ಅರ್ಧ ಗಂಟೆ ಮಲಗುತ್ತೇನೆ. ಅದು ಸೋಮಾರಿತನವಲ್ಲ. ಪಾರ್ಶ್ವವಾಯುವಿನ ನಂತರದ ದಣಿವು ನಿದ್ದೆಗೆಟ್ಟ ದಣಿವಿನಂತಲ್ಲ, ಗುಂಡಿ ಒತ್ತಿದ ಹಾಗೆ ದೀಪ ಆರುತ್ತದೆ. ನಿಮ್ಮ ಅಮ್ಮ ಕಾಫಿ ಮಾಡಿದ ಮೇಲೆ ಮಲಗಿದರೆ ‘ಇಷ್ಟಕ್ಕೇ ಸುಸ್ತೇ’ ಎಂದು ಕೇಳಬೇಡಿ.

ಸುಮ್ಮನೆ ಕೇಳಿದೆ:
ಮನೆಗೆ ಫಿಸಿಯೋ ಬರುತ್ತಿದ್ದಾರಲ್ಲವೇ? ಹಾಗಿರುವಾಗ ಇನ್ನೊಬ್ಬರು ಏಕೆ? ಇವೆಲ್ಲ ಬಿಲ್ಲು ಬೆಳೆಸುವ ದಾರಿಯಂತೆ ನನಗೆ ಕಾಣುತ್ತದೆ.

ಕೈಕಸುಬು:
ನಾನು ಈ ವೃತ್ತಿಯಲ್ಲೇ ಇರುವವಳು, ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತ ಕಂಡರೆ ಕ್ಷಮಿಸಿ. ಫಿಸಿಯೋಥೆರಪಿಸ್ಟರು ಮುಖ್ಯವಾಗಿ ಸ್ನಾಯುವಿನ ಬಲ, ಕೀಲಿನ ಚಲನೆ, ಸಮತೋಲ ಮತ್ತು ನಡಿಗೆಯ ಕಡೆಯಿಂದ ಬರುತ್ತಾರೆ. ನಾವು ಕೆಲಸದ ಕಡೆಯಿಂದ ಬರುತ್ತೇವೆ. ಕೈ ಭುಜದೆತ್ತರಕ್ಕೆ ಏಳುತ್ತದೆ ಎಂಬುದು ಅವರಿಗೆ ಸಿಹಿ ಸುದ್ದಿ. ಆ ಕೈ ತಲೆ ಬಾಚಿಕೊಳ್ಳುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಬಾಚದಿದ್ದರೆ ಏಕೆ ಎಂದು ಹುಡುಕುತ್ತೇವೆ. ಬಲ ಸಾಲದೇ, ಸ್ಪರ್ಶಜ್ಞಾನ ಹೋಗಿದೆಯೇ, ಬಾಚಣಿಗೆ ಹಿಡಿಯುವ ಕ್ರಮವೇ ಮರೆತಿದೆಯೇ, ಕನ್ನಡಿಯಲ್ಲಿ ತಲೆಯ ಅರ್ಧಭಾಗ ಅವರ ಗಮನಕ್ಕೇ ಬರುತ್ತಿಲ್ಲವೇ ಎಂದು ನೋಡುತ್ತೇವೆ. ಕಾರಣ ಬದಲಾದರೆ ಚಿಕಿತ್ಸೆ ಬದಲಾಗುತ್ತದೆ. ಎರಡೂ ಬೇಕು, ಇಬ್ಬರೂ ಒಬ್ಬರೊಡನೊಬ್ಬರು ಮಾತನಾಡಿಕೊಂಡರೆ ಇನ್ನೂ ಒಳ್ಳೆಯದು.

ನಮ್ಮ ದೇಶಕ್ಕೆ ಇದು ಹೊಸತೂ ಅಲ್ಲ. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಅವರು ಇದರ ಮೊದಲ ಶಾಲೆಯನ್ನು ತೆರೆದರು. ಮುಕ್ಕಾಲು ಶತಮಾನ ಕಳೆದರೂ ‘ಓ.ಟಿ.’ ಎಂದರೆ ಜನ ಆಪರೇಷನ್ ಎಂದುಕೊಳ್ಳುವುದು ನಮ್ಮ ವೃತ್ತಿಯವರ ಸೋಲು ಎಂದು ಒಪ್ಪಿಕೊಳ್ಳುತ್ತೇನೆ.

ಪದಚರ್ಚೆ:
ಸೋಲು ವೃತ್ತಿಯವರದಲ್ಲ, ಅನುವಾದದ್ದು. ಸರ್ಕಾರಿ ಕಾಗದಗಳಲ್ಲಿ ಇದನ್ನು ‘ಔದ್ಯೋಗಿಕ ಚಿಕಿತ್ಸೆ’ ಎಂದು ಬರೆಯುತ್ತಾರೆ. ಉದ್ಯೋಗವೆಂದರೆ ನೌಕರಿ ಎಂದೇ ಎಲ್ಲರಿಗೂ ರೂಢಿಯಾಗಿರುವಾಗ, 63 ವರ್ಷದ ಗೃಹಿಣಿಗೆ ಔದ್ಯೋಗಿಕ ಚಿಕಿತ್ಸೆ ಏಕೆ ಎಂದು ಯಾರಾದರೂ ಕೇಳುತ್ತಾರೆ. ‘ದಿನಚರಿ ಚಿಕಿತ್ಸೆ’ ಎಂದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ಒಂಟಿಗೈ ಹುಬ್ಬಳ್ಳಿ:
ಗೃಹಿಣಿಗೆ ಉದ್ಯೋಗವಿಲ್ಲ ಎಂದು ನಮ್ಮ ಮನೆಯಲ್ಲಿ ಹೇಳಿ ನೋಡಿ.

ಮಲೆನಾಡಿನ ಮಗಳು:
ಎಲ್ಲರಿಗೂ ವಂದನೆಗಳು. ಕೈಕಸುಬು ಅವರೇ, ಹಾಗಾದರೆ ಬೀಗ ತೆಗೆಯಬೇಕು ಎನ್ನುತ್ತೀರಾ? ಬಿಸಿ ಗೊತ್ತಾಗದ ಕೈಯನ್ನು ಒಲೆಯ ಹತ್ತಿರ ಬಿಡುವುದು ಹೇಗೆ ಎಂದು ಅಣ್ಣ ಕೇಳುತ್ತಿದ್ದಾನೆ, ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಕೈಕಸುಬು:
ಅಣ್ಣನ ಹೆದರಿಕೆ ನಿಜವಾದದ್ದು, ಅದನ್ನು ತಳ್ಳಿಹಾಕಬೇಡಿ. ಆದರೆ ಬೀಗ ಹಾಕಬೇಕಾದದ್ದು ಅಡುಗೆಮನೆಗಲ್ಲ, ಒಂದೆರಡು ಹೆಜ್ಜೆಗಳಿಗೆ.

ಫಿಲ್ಟರ್ ಕಾಫಿಯನ್ನು ಒಂದು ಕೆಲಸವೆಂದು ನೋಡದೆ ಹತ್ತು ಕೆಲಸಗಳೆಂದು ನೋಡಿ. ಫಿಲ್ಟರಿನ ಎರಡು ಭಾಗ ಬಿಡಿಸುವುದು, ಪುಡಿ ಹಾಕುವುದು, ಅದನ್ನು ಒತ್ತುವುದು, ನೀರು ಕಾಯಿಸುವುದು, ಸುರಿಯುವುದು, ಡಿಕಾಕ್ಷನ್ ಇಳಿಯುವವರೆಗೆ ಕಾಯುವುದು, ಹಾಲು ಕಾಯಿಸುವುದು, ಪಾತ್ರೆ ಇಳಿಸುವುದು, ಲೋಟಕ್ಕೆ ಬಗ್ಗಿಸುವುದು, ಸಕ್ಕರೆ ಹಾಕಿ ಕಲಕುವುದು. ಇದರಲ್ಲಿ ಅಪಾಯವಿರುವುದು ಎರಡು ಮೂರು ಕಡೆ ಮಾತ್ರ. ನಾವು ಸಾಮಾನ್ಯವಾಗಿ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸುತ್ತೇವೆ. ಮೊದಲ ವಾರ ಅತ್ತಿಗೆ ಎಲ್ಲವನ್ನೂ ಮಾಡಿ, ಉಗುರುಬೆಚ್ಚಗಿನ ಹಾಲನ್ನು ಲೋಟದಲ್ಲಿಟ್ಟು, ಡಿಕಾಕ್ಷನ್ ಬೆರೆಸಿ ಕಲಕುವುದನ್ನು ಮಾತ್ರ ಅಮ್ಮನಿಗೆ ಬಿಡಲಿ. ಮುಂದಿನ ವಾರ ಹಾಲು ಬಗ್ಗಿಸುವುದು ಸೇರಲಿ. ಮೊದಲಿನಿಂದ ಕಲಿಸಿದರೆ ಕಾಫಿ ಮುಗಿಸಿದವರು ಯಾವಾಗಲೂ ಬೇರೆಯವರಾಗುತ್ತಾರೆ. ಕೊನೆಯಿಂದ ಕಲಿಸಿದರೆ ಮೊದಲ ದಿನವೇ ಅದು ಅಮ್ಮನ ಕಾಫಿಯಾಗುತ್ತದೆ.

ಬಿಸಿ ಪಾತ್ರೆಯನ್ನು ಇಳಿಸುವುದೇ ಬೇಡ. ಒಲೆ ಆರಿಸಿ, ಪಾತ್ರೆ ಅಲ್ಲೇ ಇರಲಿ, ಹಾಲನ್ನು ಸೌಟಿನಲ್ಲಿ ತೆಗೆದು ಲೋಟಕ್ಕೆ ಹಾಕಿಕೊಳ್ಳಲಿ. ಲೈಟರ್ ಒಂದು ಕೈಯಲ್ಲಿ, ಒಲೆಯ ಗುಬುಟು ಇನ್ನೊಂದರಲ್ಲಿ ಎಂಬುದು ಎರಡು ಕೈಗಳ ಕೆಲಸ. ತಾನೇ ಹೊತ್ತಿಕೊಳ್ಳುವ ಒಲೆ ಅಥವಾ ಇಂಡಕ್ಷನ್ ಇದ್ದರೆ ಒಂದೇ ಕೈ ಸಾಕು. ಯಾವುದು ಬಿಸಿ, ಯಾವುದು ತಣ್ಣಗೆ ಎಂಬುದನ್ನು ಯಾವಾಗಲೂ ಎಡಗೈಯಿಂದ ಮುಟ್ಟಿ ನೋಡುವ ಅಭ್ಯಾಸವಾಗಬೇಕು. ಬಲಗೈ ಎಲ್ಲಿದೆ ಎಂದು ಕಣ್ಣಿನಿಂದ ನೋಡಿಕೊಳ್ಳುವುದೂ ಅಭ್ಯಾಸವಾಗಬೇಕು. ಅವರಿಗೆ ಅದು ತೂಗುವ ಭಾರದಂತೆ ಇರುತ್ತದೆಯೇ ಹೊರತು, ಎಲ್ಲಿದೆ ಎಂದು ಅದಾಗಿಯೇ ಹೇಳುವುದಿಲ್ಲ. ಎಲ್ಲರೂ ಮಲಗಿರುವಾಗ ಒಲೆ ಹಚ್ಚಬಾರದು ಎಂಬುದನ್ನು ಅಮ್ಮನೊಂದಿಗೇ ಕುಳಿತು ಒಪ್ಪಂದ ಮಾಡಿಕೊಳ್ಳಿ. ಅಲ್ಲಿಯವರೆಗೆ ಸಿಲಿಂಡರಿನ ರೆಗ್ಯುಲೇಟರನ್ನು ರಾತ್ರಿ ಆರಿಸಿಟ್ಟರೆ ಸಾಕು, ಬೀಗ ಬೇಕಿಲ್ಲ.

ಜಿಮ್ ಮಾವ:
ಇಷ್ಟೆಲ್ಲ ಏಕೆ? ಮೆಡಿಕಲ್ ಅಂಗಡಿಯಲ್ಲಿ ಸ್ಪಂಜಿನ ಚೆಂಡು ಸಿಗುತ್ತದೆ. ದಿನಕ್ಕೆ 500 ಸಲ ಹಿಸುಕಿಸಿ. ಕೈ ತಾನಾಗಿ ಬರುತ್ತದೆ. ನಮ್ಮ ಭಾವನಿಗೆ ಹಾಗೆಯೇ ಬಂದಿತು.

ಕೈಕಸುಬು:
ದಯವಿಟ್ಟು ಈ ಅಮ್ಮನಿಗೆ ಅದನ್ನು ಮಾಡಿಸಬೇಡಿ. ಅವರ ಕೈ ಮುಚ್ಚಿಕೊಳ್ಳುತ್ತದೆ, ಬಿಚ್ಚಿಕೊಳ್ಳುವುದಿಲ್ಲ ಎಂದು ಮಗಳೇ ಬರೆದಿದ್ದಾರೆ. ಬಿಗಿತವಿರುವ ಕೈಗೆ ಹಿಸುಕುವುದನ್ನು ಕಲಿಸಬೇಕಿಲ್ಲ, ಅದು ಆಗಲೇ ಬರುತ್ತದೆ. ಬೆರಳು ಬಿಡಿಸುವುದನ್ನು, ಹಿಡಿದದ್ದನ್ನು ಬಿಡುವುದನ್ನು ಕಲಿಸಬೇಕು. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿ ಅದರ ಮೇಲೆ ಮೈಭಾರ ಬಿಡುವುದು, ಮೇಜಿನ ಮೇಲೆ ಬಟ್ಟೆಯಿಂದ ಒರೆಸುವುದು, ದೊಡ್ಡ ಲೋಟವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗಿಟ್ಟು ಬಿಡುವುದು, ಇಂಥವು ಉಪಯೋಗ.

ಜಿಮ್ ಮಾವ:
ಹಾಗಾದರೆ ನಮ್ಮ ಭಾವನಿಗೆ ಹೇಗೆ ಗುಣವಾಯಿತು? ಕಣ್ಣಾರೆ ನೋಡಿದವನು ನಾನು.

ಕೈಕಸುಬು:
ಅವರ ಕೈಯಲ್ಲಿ ಬಿಗಿತವಿಲ್ಲದೆ ಬರೀ ನಿಶ್ಶಕ್ತಿ ಇದ್ದಿರಬಹುದು. ಹಾಗಿದ್ದರೆ ಹಿಡಿತದ ಅಭ್ಯಾಸ ತಪ್ಪಲ್ಲ. ಮೊದಲ ಮೂರು ತಿಂಗಳಲ್ಲಿ ಎಲ್ಲರಿಗೂ ಚೇತರಿಕೆ ವೇಗವಾಗಿಯೇ ಇರುತ್ತದೆ, ಆಗ ಏನು ಮಾಡುತ್ತಿದ್ದೆವೋ ಅದಕ್ಕೇ ಹೆಸರು ಬರುತ್ತದೆ. ಲಕ್ವಕ್ಕೆ ಔಷಧಿಯೆಂದು ಹಚ್ಚುವ ಪಾರಿವಾಳದ ರಕ್ತಕ್ಕೆ ಹೆಸರು ಬಂದದ್ದೂ ಹಾಗೆಯೇ.

ಬೆಣ್ಣೆದೋಸೆ:
ಪಾರಿವಾಳದ ವಿಷಯ ಬಂದದ್ದು ಒಳ್ಳೆಯದಾಯಿತು. ದೊಡ್ಡಪ್ಪನಿಗೂ ಹಚ್ಚಿದ್ದರು. ಎರಡು ಪಾರಿವಾಳ ಸತ್ತವು, ಕೈ ಹಾಗೆಯೇ ಇತ್ತು. ಕಾದ ಎಣ್ಣೆಯ ತಿಕ್ಕುವಿಕೆಯಲ್ಲಿ ಬೆನ್ನಿನ ಚರ್ಮವೂ ಸುಟ್ಟಿತು.

ತುಮಕೂರು ರಸ್ತೆ:
ಕೈಕಸುಬು ಅವರು ‘ತಲೆಯ ಅರ್ಧಭಾಗ ಗಮನಕ್ಕೇ ಬರುವುದಿಲ್ಲ’ ಎಂದು ಬರೆದದ್ದನ್ನು ಓದಿ ನಮ್ಮ ತಂದೆಯ ನೆನಪಾಯಿತು. ಅವರಿಗೆ ಮೆದುಳಿನ ಬಲಭಾಗದಲ್ಲಿ ಆಗಿತ್ತು. ಕೈಕಾಲು ಬಹುಮಟ್ಟಿಗೆ ಸರಿಹೋಗಿದ್ದರಿಂದ ಪೂರ್ತಿ ಗುಣವಾಯಿತು ಎಂದು ನಂಬಿ ಒಂದು ಮದುವೆಗೆ ಕರೆದುಕೊಂಡು ಹೋದೆವು. ಎಲೆಯ ಮುಂದೆ ಕುಳಿತು ಹುಳಿಯನ್ನ ಉಣ್ಣುತ್ತಾ ‘ಉಪ್ಪೇ ಇಲ್ಲ, ಉಪ್ಪು ಬಡಿಸಿಲ್ಲ’ ಎಂದು ಗಟ್ಟಿಯಾಗಿ ಹೇಳತೊಡಗಿದರು. ಬಡಿಸುವವರು ಬಂದು ‘ಇದೆಯಲ್ಲ ಸ್ವಾಮಿ’ ಎಂದು ತೋರಿಸಿದರು. ಎಲೆಯ ಎಡತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲವೂ ಇದ್ದವು. ಅಪ್ಪ ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಬಲಗಡೆಯ ಪಲ್ಯ, ಪಾಯಸ ಮಾತ್ರ ಖಾಲಿಯಾಗಿದ್ದವು. ಎಲೆಯನ್ನು ತಿರುಗಿಸಿ ಹಾಕಿದರೆ ಎಂದು ಅಮ್ಮನಿಗೆ ತೋಚಿತಂತೆ, ಶುಭಕಾರ್ಯದಲ್ಲಿ ಹಾಗೆ ಮಾಡುವಂತಿಲ್ಲವೆಂದು ಸುಮ್ಮನಾದರಂತೆ. ಆಗ ನಮಗೆ ಹೊಳೆದದ್ದು, ಮನೆಯಲ್ಲಿ ಅವರು ಆಗಾಗ ಎಡಗಡೆಯ ಬಾಗಿಲಿನ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳುತ್ತಿದ್ದರು, ಎಡಕೆನ್ನೆಯ ಗಡ್ಡ ಹಾಗೆಯೇ ಉಳಿಯುತ್ತಿತ್ತು. ನಾವು ಅದನ್ನು ಮರೆವು ಎಂದುಕೊಂಡಿದ್ದೆವು.

ಕೈಕಸುಬು:
ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಪಾಠದಲ್ಲೂ ಕೇಳಿಲ್ಲ. ಇದು ಕಣ್ಣಿನ ದೋಷವಲ್ಲ, ಗಮನದ ದೋಷ. ಬಲ ಮೆದುಳಿಗೆ ಪೆಟ್ಟಾದವರಲ್ಲಿ ಹೆಚ್ಚು. ತಟ್ಟೆಯ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿ, ‘ಕೆಂಪು ಕಾಣುವವರೆಗೆ ತಲೆ ತಿರುಗಿಸಿ’ ಎಂದು ಅಭ್ಯಾಸ ಮಾಡಿಸುತ್ತೇವೆ. ಹಾಗೆಯೇ ಓದುವಾಗ ಪುಟದ ಎಡ ಅಂಚಿಗೆ ಕೆಂಪು ಗೆರೆ. ಇಂಥವರು ವಾಹನ ಓಡಿಸುವ ಮಾತೆತ್ತಿದರೆ ಮಾತ್ರ ವೈದ್ಯರ ಪರೀಕ್ಷೆಯಿಲ್ಲದೆ ಕೀಲಿ ಕೊಡಬೇಡಿ.

ಸೊಸೆಯ ಪಕ್ಷ:
ಎಲ್ಲರೂ ಅಮ್ಮನ ಬಗ್ಗೆ, ಅಣ್ಣನ ಬಗ್ಗೆ ಬರೆದಿರಿ. ಈ ಚರ್ಚೆಯಲ್ಲಿ ಅತ್ತಿಗೆ ಆಗಲೇ ಎರಡು ಸಲ ಬಂದಿದ್ದಾರೆ: ಗುಳ್ಳೆಯನ್ನು ನೋಡಿದ್ದು ಅವರು, ಮೊದಲ ವಾರ ಎಲ್ಲವನ್ನೂ ಮಾಡಿಡಬೇಕಾದದ್ದೂ ಅವರೇ. ಅವರನ್ನು ಯಾರಾದರೂ ಕೇಳಿದಿರಾ? ನಮ್ಮತ್ತೆಗೆ ಹೀಗಾಗಿದ್ದಾಗ, ನಾನು ಸೀರೆ ಉಡಿಸಿದರೆ ಹತ್ತು ನಿಮಿಷ, ಅವರೇ ಉಟ್ಟುಕೊಂಡರೆ ನಲವತ್ತು ನಿಮಿಷ. ಆ ನಲವತ್ತು ನಿಮಿಷ ಕೈಕಟ್ಟಿ ನಿಂತು ನೋಡುವುದು ನನ್ನ ಕೆಲಸವಾಗಿತ್ತು. ಹೊರಗೆ ಶಾಲೆಯ ವ್ಯಾನಿನವನು ಹಾರ್ನ್ ಮಾಡುತ್ತಿದ್ದ. ‘ಅವರೇ ಮಾಡಿಕೊಳ್ಳಲಿ ಬಿಡು’ ಎಂದು ಸಲಹೆ ಕೊಟ್ಟು ಆಫೀಸಿಗೆ ಹೋದವರು ಬೇರೆಯವರು.

ಮಲೆನಾಡಿನ ಮಗಳು:
ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನೀವು ಹೇಳಿದ್ದು ನಿಜ, ನಾನು ಕೇಳಿಲ್ಲ. ಇವತ್ತು ರಾತ್ರಿ ಅತ್ತಿಗೆಗೆ ಫೋನ್ ಮಾಡುತ್ತೇನೆ.

ಕೈಕಸುಬು:
ಸೊಸೆಯ ಪಕ್ಷದವರ ಮಾತಿಗೆ ನಮ್ಮ ಪಠ್ಯಪುಸ್ತಕದಲ್ಲಿ ಒಳ್ಳೆಯ ಉತ್ತರವಿಲ್ಲ. ಮನೆಗಳಲ್ಲಿ ನಾನು ಹೇಳುವುದು ಇಷ್ಟು: ಬೆಳಗಿನ ಗಡಿಬಿಡಿಯಲ್ಲಿ ಒಂದೇ ಒಂದು ಕೆಲಸವನ್ನು ಅವರಿಗೆ ಬಿಡಿ, ಉಳಿದದ್ದನ್ನು ಮಾಡಿಕೊಡಿ. ಸೀರೆ ಉಡುವ ಅಭ್ಯಾಸ ಮಧ್ಯಾಹ್ನ ಮೂರಕ್ಕೂ ಆಗುತ್ತದೆ.

ಹೊಲಿಗೆ ಅಂಗಡಿ, ಶಿರಸಿ:
ಸೀರೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿಗೆ ಇಂಥವರ ರವಿಕೆಗಳು ಬರುತ್ತವೆ. ಹುಕ್ಕುಗಳನ್ನು ಒಂದು ಕೈಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ, ನೈಟಿ ಹಾಕಿಕೊಂಡು ನೆಂಟರ ಮುಂದೆ ಕುಳಿತುಕೊಳ್ಳಲು ಅವರಿಗೆ ಮನಸ್ಸಿಲ್ಲ. ನಾನು ರವಿಕೆಯ ಮುಂಭಾಗದ ಪಟ್ಟಿಯಲ್ಲಿ ಅಂಟುಪಟ್ಟಿ, ಅಂದರೆ ವೆಲ್ಕ್ರೋ, ಹೊಲಿದು ಅದರ ಮೇಲೆ ಹುಕ್ಕುಗಳನ್ನು ಬರಿಯ ತೋರಿಕೆಗೆ ಕೂರಿಸುತ್ತೇನೆ. ನೋಡಿದವರಿಗೆ ಮಾಮೂಲು ರವಿಕೆಯೇ. ಗಡಸು ಪಟ್ಟಿಯ ಮುಖ ಮೈಗೆ ತಾಗದಂತೆ ಹೊರಮುಖವಾಗಿರಬೇಕು. ಇಲ್ಲದಿದ್ದರೆ ಚರ್ಮ ಕೆರೆಯುತ್ತದೆ, ಸ್ಪರ್ಶಜ್ಞಾನ ಕಡಿಮೆಯಿದ್ದರೆ ಅವರಿಗೆ ಗೊತ್ತೂ ಆಗುವುದಿಲ್ಲ. ತೋಳನ್ನು ಎರಡು ಇಂಚು ಸಡಿಲ ಮಾಡಿಸಿ. ಸೀರೆಗೆ ನೆರಿಗೆಗಳನ್ನು ಹಿಡಿದು ಹೊಲಿದು ಎಲಾಸ್ಟಿಕ್ ಹಾಕಿದರೆ ಲಂಗದಂತೆ ಹಾಕಿಕೊಳ್ಳಬಹುದು. ಹಳೆಯ ಸೀರೆಯಲ್ಲಿ ಮೊದಲು ಮಾಡಿಸಿ ನೋಡಿ, ರೇಷ್ಮೆ ಸೀರೆಗೆ ಆಮೇಲೆ ಕೈ ಹಾಕಿ.

ಅಗ್ರಹಾರದ ಅಜ್ಜ:
ಒಂದು ವಿಷಯವನ್ನು ಯಾರೂ ಎತ್ತಲಿಲ್ಲ. ಬಲಗೈ ಹೋದವರ ಊಟದ ಗತಿ ಏನು? ನನ್ನ ಹೆಂಡತಿ ಎಡಗೈಯಲ್ಲಿ ಉಣ್ಣುವುದಿಲ್ಲವೆಂದು ಹಟ ಹಿಡಿದು ಮೂರು ವಾರದಲ್ಲಿ ಅರ್ಧಕ್ಕರ್ಧ ಇಳಿದುಹೋದಳು. ಚಿಕ್ಕಂದಿನಿಂದ ಎಡಗೈಗೆ ಹೊಡೆದು ಬುದ್ಧಿ ಹೇಳಿದ ಮನೆಯಲ್ಲಿ, 70ನೆಯ ವಯಸ್ಸಿನಲ್ಲಿ ಅದೇ ಕೈಯಲ್ಲಿ ಉಣ್ಣು ಎಂದರೆ ಹೇಗೆ ಉಣ್ಣುತ್ತಾಳೆ? ಕೊನೆಗೆ ನಮ್ಮ ಪುರೋಹಿತರನ್ನೇ ಕೇಳಿದೆ. ‘ಶಕ್ತಿ ಇಲ್ಲದವರಿಗೆ ದೋಷವಿಲ್ಲ, ಮಂಗಳಾರತಿಯನ್ನೂ ಎಡಗೈಯಿಂದ ತೆಗೆದುಕೊಳ್ಳಲಿ’ ಎಂದು ಅವಳ ಎದುರಿಗೇ ಹೇಳಿದರು. ಅವತ್ತೇ ಉಂಡಳು. ವೈದ್ಯರು ಹೇಳಿದ್ದಾಗ ಉಂಡಿರಲಿಲ್ಲ.

ಸುಮ್ಮನೆ ಕೇಳಿದೆ:
ಆದರೆ ಎಡಗೈಯಲ್ಲೇ ಎಲ್ಲವನ್ನೂ ಮಾಡಿದರೆ ಬಲಗೈ ಸೋಮಾರಿಯಾಗುವುದಿಲ್ಲವೇ?

ಕೈಕಸುಬು:
ಈ ಸಲ ನಿಮ್ಮ ಪ್ರಶ್ನೆ ಮುಖ್ಯವಾದದ್ದು. ಆಗುತ್ತದೆ. ಮೊದಮೊದಲು ಬಾರದ ಕೈಯನ್ನು ಬಳಸದೆ ಬಿಟ್ಟು, ಆಮೇಲೆ ಸ್ವಲ್ಪ ಶಕ್ತಿ ಬಂದರೂ ಬಳಸದೆ ಇರುವುದನ್ನೇ ಮೆದುಳು ಕಲಿತುಬಿಡುತ್ತದೆ. ಎಡ್ವರ್ಡ್ ಟೌಬ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಮೊದಲು ಮಂಗಗಳಲ್ಲಿ ಗುರುತಿಸಿದರು. ಅದರಿಂದಲೇ ಒಳ್ಳೆಯ ಕೈಗೆ ಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುವ ಪದ್ಧತಿ ಹುಟ್ಟಿತು. ಎರಡು ವಾರ, ಎಚ್ಚರವಿರುವ ಸಮಯದ ಶೇಕಡ 90ರಷ್ಟು ಹೊತ್ತು ಗವಸು, ಜೊತೆಗೆ ದಿನಕ್ಕೆ ಹಲವು ಗಂಟೆ ತರಬೇತಿ. ಆದರೆ ಮಣಿಕಟ್ಟು ಸುಮಾರು 20 ಡಿಗ್ರಿ, ಬೆರಳು 10 ಡಿಗ್ರಿಯಷ್ಟಾದರೂ ತಾನಾಗಿ ಮೇಲೇಳದವರಿಗೆ ಇದು ಬರೀ ಹಿಂಸೆ. ಮನೆಯಲ್ಲಿ ಯಾರೂ ತಾವಾಗಿಯೇ ಗವಸು ಕಟ್ಟಬೇಡಿ, ಬೀಳುವಾಗ ಹಿಡಿದುಕೊಳ್ಳಲು ಇರುವುದು ಆ ಒಂದೇ ಕೈ.

ಊಟಕ್ಕೆ ಮಧ್ಯದ ದಾರಿಯಿದೆ. ಹೊಟ್ಟೆ ತುಂಬುವಷ್ಟನ್ನು ಎಡಗೈಯಲ್ಲಿ ಚಮಚದಿಂದ ಉಣ್ಣಲಿ. ಬಲಗೈ ತೊಡೆಯ ಮೇಲೆ ಬಿದ್ದಿರದೆ ಮೇಜಿನ ಮೇಲೆ ತಟ್ಟೆಯನ್ನು ಹಿಡಿದುಕೊಂಡಿರಲಿ. ಕೊನೆಯ ನಾಲ್ಕು ತುತ್ತು ಬಲಗೈಯಿಂದ. ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಚಮಚದ ಹಿಡಿಗೆ ಸೈಕಲ್ ಹ್ಯಾಂಡಲಿನ ರಬ್ಬರ್ ಗವುಸು ತೂರಿಸಿದರೆ ಹಿಡಿತ ಸಿಗುತ್ತದೆ.

ನಿವೃತ್ತ ಕೌಂಟರ್:
ಊಟದಷ್ಟೇ ಅಗತ್ಯವಾದ ಇನ್ನೊಂದು ಕೈಕೆಲಸ ಸಹಿ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕುಳಿತವನು ನಾನು. ಬಲಗೈ ಹೋದವರು ಎಡಗೈಯಲ್ಲಿ ಹಾಕಿದ ಸಹಿ ಹೊಂದುತ್ತಿಲ್ಲವೆಂದು ಚೆಕ್ಕು ಹಿಂದಿರುಗಿದಾಗ ಮನೆಯವರು ಬಂದು ಜಗಳವಾಡುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕಾಯಿಲೆಯವರು ಹೆಬ್ಬೆಟ್ಟು ಒತ್ತಬಹುದು. ಕೈಯೇ ಬಾರದಿದ್ದರೆ ಕಾಲಿನ ಹೆಬ್ಬೆರಳೂ ಆಗುತ್ತದೆ. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಎಡಗೈ ಸಹಿ ಸ್ಥಿರವಾದ ಮೇಲೆ ಹೊಸ ಮಾದರಿ ಸಹಿ ಕೊಟ್ಟುಬಿಡಿ. ಪಿಂಚಣಿಯ ಜೀವಿತ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು, ಅದಕ್ಕಾಗಿ ಆಟೋ ಮಾಡಿಕೊಂಡು ಬರಬೇಕಾಗಿಲ್ಲ.

ಬಯಲುಸೀಮೆ ಮೇಷ್ಟ್ರು:
ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಪಾರ್ಶ್ವವಾಯುವಿನ ನಂತರ ಎಂಟು ತಿಂಗಳು ರಜೆಯಲ್ಲಿದ್ದೆ. ಸ್ವಯಂನಿವೃತ್ತಿ ಬರೆದುಕೊಡಿ ಎಂದು ಹಿತೈಷಿಗಳೇ ಕಾಗದ ಸಿದ್ಧಮಾಡಿ ತಂದಿದ್ದರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20(4)ನೆಯ ಕಲಮನ್ನು ಓದಿದ ಮೇಲೆ ಅದನ್ನು ಹರಿದು ಹಾಕಿದೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ನೌಕರನನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆ ಹುದ್ದೆ ಆಗದಿದ್ದರೆ ಅದೇ ವೇತನದ ಬೇರೆ ಹುದ್ದೆ ಕೊಡಬೇಕು. ಖಾಸಗಿಯವರಿಗೆ ಈ ರಕ್ಷಣೆ ಇಲ್ಲದಿರುವುದು ಅನ್ಯಾಯ.

ಹಿಂದಿರುಗಿದ ಮೊದಲ ದಿನ ಎಡಗೈಯಲ್ಲಿ ಬರೆದ ಸೊನ್ನೆ ಮೊಟ್ಟೆಯಂತೆ ಬಂದು ಹಿಂದಿನ ಬೆಂಚು ನಕ್ಕಿತು. ಈಗ ಒಬ್ಬ ಹುಡುಗ ಬೋರ್ಡಿನ ಮೇಲೆ ಬರೆಯುತ್ತಾನೆ, ನಾನು ಕುರ್ಚಿಯಲ್ಲಿ ಕುಳಿತು ಹೇಳುತ್ತೇನೆ. ಲೆಕ್ಕ ತಪ್ಪಿದರೆ ಎಲ್ಲರೂ ಸೇರಿ ಅವನನ್ನು ತಿದ್ದುತ್ತಾರೆ. ಮೊದಲಿಗಿಂತ ಹೆಚ್ಚು ಮಕ್ಕಳು ತರಗತಿಯಲ್ಲಿ ಎಚ್ಚರವಾಗಿರುತ್ತಾರೆ.

ಚಳ್ಳಕೆರೆ ರೈತ:
ಎಲ್ಲ ಸರಿ ಸ್ವಾಮಿ. ನಮ್ಮ ಕಡೆ ಈ ಚಿಕಿತ್ಸೆಯವರು ಎಲ್ಲಿದ್ದಾರೆ? ಬೆಂಗಳೂರಿನಲ್ಲಿ ಒಂದು ಭೇಟಿಗೆ 700 ರೂಪಾಯಿ ಕೇಳಿದರು, ಬಸ್ಸಿನ ಖರ್ಚು ಬೇರೆ. ವಾರಕ್ಕೆ ಮೂರು ದಿನ ಬನ್ನಿ ಎಂದರೆ ಶೇಂಗಾ ಬಿತ್ತುವವರು ಯಾರು?

ಕೈಕಸುಬು:
ನಿಮ್ಮ ಪ್ರಶ್ನೆಗೆ ಪೂರ್ತಿ ಸಮಾಧಾನದ ಉತ್ತರ ಕೊಡಲಾರೆ. ಜಿಲ್ಲೆಗಳಲ್ಲಿ ನಮ್ಮವರು ಬಹಳ ಕಡಿಮೆ. ನಿಮ್ಹಾನ್ಸ್‌ನ ನರ ಪುನಶ್ಚೇತನ ವಿಭಾಗಕ್ಕೆ ಒಮ್ಮೆ ಹೋಗಿ ಪೂರ್ಣ ಪರೀಕ್ಷೆ ಮಾಡಿಸಿ. ಹೋಗುವಾಗ ಮನೆಯ ಬಚ್ಚಲು, ಕಕ್ಕಸು, ಮಂಚ, ಹೊಸ್ತಿಲುಗಳ ಫೋಟೋಗಳನ್ನೂ, ರೋಗಿ ಊಟ ಮಾಡುವ ಎರಡು ನಿಮಿಷದ ವಿಡಿಯೋವನ್ನೂ ಮೊಬೈಲಿನಲ್ಲಿ ಒಯ್ಯಿರಿ. ಅದನ್ನು ನೋಡಿದರೆ ಒಂದೇ ಭೇಟಿಯಲ್ಲಿ ಹತ್ತು ಭೇಟಿಯಷ್ಟು ಹೇಳಬಹುದು. ಬೆಂಗಳೂರಿನಲ್ಲಿ 1959ರಿಂದ ಇರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯನ್ನೂ ವಿಚಾರಿಸಿ. ವೈಕಲ್ಯ ಶೇಕಡ 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ಸಿಕ್ಕರೆ ಯು.ಡಿ.ಐ.ಡಿ. ಎಂಬ ಅಂಗವಿಕಲರ ಗುರುತಿನ ಕಾರ್ಡಿನಿಂದ ಹಲವು ಸೌಲಭ್ಯಗಳಿಗೆ ದಾರಿಯಾಗುತ್ತದೆ.

ಒಂದು ಎಚ್ಚರಿಕೆಗೆ ಮಾತ್ರ ಖರ್ಚಿಲ್ಲ: ಎಬ್ಬಿಸುವಾಗ ಸೋತ ಕೈಯನ್ನು ಹಿಡಿದು ಎಳೆಯಬೇಡಿ. ಸಡಿಲವಾದ ಭುಜದ ಕೀಲು ಜಾರುತ್ತದೆ. ನಾನು ನೋಡುವ ಭುಜನೋವುಗಳಲ್ಲಿ ಎಷ್ಟೋ ಪ್ರೀತಿಯಿಂದ ಎಳೆದು ಎಬ್ಬಿಸಿದವರಿಂದ ಬಂದವು.

ಸ್ವರಮಂಡಲ:
ಮಾತಿನ ಬಗ್ಗೆಯೂ ಒಂದು ಸಾಲು. ನಮ್ಮತ್ತೆಗೆ ‘ನೀರು’ ಎನ್ನಲು ಬರುತ್ತಿರಲಿಲ್ಲ, ಆದರೆ ದೇವರನಾಮವನ್ನು ಇಡಿಯಾಗಿ ಹಾಡುತ್ತಿದ್ದರು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದೆವು. ಹಾಡಿನ ಹಾದಿಯಿಂದಲೇ ಸಣ್ಣ ಸಣ್ಣ ಮಾತುಗಳನ್ನು ಹೊರಡಿಸುವ ಅಭ್ಯಾಸ ಮಾಡಿಸಿದರು.

ಒಂಟಿಗೈ ಹುಬ್ಬಳ್ಳಿ:
ಅಮ್ಮ ಎರಡು ದಿನ ಮಾತು ಬಿಟ್ಟದ್ದನ್ನು ಬರಿಯ ಮುನಿಸು ಎಂದುಕೊಳ್ಳಬೇಡಿ. ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ ಎಂದು ನನ್ನ ವೈದ್ಯರು ಹೇಳಿದ್ದರು, ಆ ಒಬ್ಬ ನಾನಾಗಿದ್ದೆ. ಮಾತ್ರೆಯಿಂದ ಗುಣವಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು.

ಮಲೆನಾಡಿನ ಮಗಳು:
ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ. ಅತ್ತಿಗೆಯೊಂದಿಗೆ ಮಾತನಾಡಿದೆ. ‘ಬೀಗ ನನಗೂ ಬೇಡ, ಆದರೆ ಬೆಳಗ್ಗೆ ಏಳರಿಂದ ಎಂಟೂವರೆವರೆಗೆ ಯಾರೂ ನನ್ನ ಅಡುಗೆಮನೆಗೆ ಬರಬಾರದು’ ಎಂದರು. ಹಾಗಾಗಿ ಅಮ್ಮನ ಕಾಫಿಯ ಹೊತ್ತು ಮಧ್ಯಾಹ್ನ ಮೂರೂವರೆಗೆ ಬದಲಾಗಿದೆ. ಮೊದಲು ಅಮ್ಮ ಒಪ್ಪಲಿಲ್ಲ, ಕಾಫಿ ಎಂದರೆ ಬೆಳಗಿನದೇ ಎಂದು ವಾದ ಮಾಡಿದರು. ಬಡಗಿಯವರಿಂದ ಒಂದು ಹಲಗೆ ಮಾಡಿಸಿದ್ದೇವೆ. ಕೆಳಗಿನಿಂದ ಎರಡು ಸ್ಟೀಲಿನ ಮೊಳೆ ಹೊಡೆಸಿ ತುದಿ ಮೇಲೆ ಬರುವಂತೆ ಮಾಡಿದ್ದಾರೆ. ಮೊಳೆಗೆ ಸೌತೆಕಾಯಿ ಚುಚ್ಚಿಟ್ಟು ಎಡಗೈಯಿಂದ ಹೆಚ್ಚುತ್ತಾರೆ. ಈಳಿಗೆಮಣೆ ಅಟ್ಟಕ್ಕೆ ಹೋಗಿದೆ.

ಈಗ ಅಮ್ಮ ಹಾಲು ಸೌಟಿನಲ್ಲಿ ಹಾಕಿಕೊಂಡು, ಡಿಕಾಕ್ಷನ್ ಬೆರೆಸಿ, ಕಲಕುವವರೆಗೆ ಮಾಡುತ್ತಾರೆ. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಾನೆ, ಅವನಿಗೆ ಇನ್ನೂ ಭಯ. ನಾವು ಸಿಕ್ಕಿಕೊಂಡಿರುವುದು ಹಿತ್ತಾಳೆಯ ಹಳೆಯ ಫಿಲ್ಟರಿನಲ್ಲಿ. ಮೇಲಿನ ಪಾತ್ರೆ ಕೆಳಗಿನದಕ್ಕೆ ಬಿಗಿದುಕೊಂಡರೆ ಒಂದು ಕೈಯಿಂದ ಬಿಡಿಸಲು ಆಗುತ್ತಿಲ್ಲ. ಸ್ಟೀಲಿನದನ್ನು ಕೊಡಿಸುತ್ತೇನೆ ಎಂದರೆ ಅದರಲ್ಲಿ ರುಚಿ ಬರುವುದಿಲ್ಲ ಎನ್ನುತ್ತಾರೆ. ಯಾರಿಗಾದರೂ ಉಪಾಯ ಗೊತ್ತೇ?

ಕೈಕಸುಬು:
ಡಿಕಾಕ್ಷನ್ ಪೂರ್ತಿ ಆರಿದ ಮೇಲೆ, ಅಮ್ಮ ಕುರ್ಚಿಯಲ್ಲಿ ಕುಳಿತು ಕೆಳಗಿನ ಪಾತ್ರೆಯನ್ನು ಒದ್ದೆ ಬಟ್ಟೆ ಸುತ್ತಿ ತೊಡೆಗಳ ನಡುವೆ ಹಿಡಿದುಕೊಳ್ಳಲಿ. ಬಲಗೈ ಅದರ ಮೇಲೆ ಸುಮ್ಮನೆ ಇದ್ದರೂ ಸಾಕು. ಎಡಗೈಯಿಂದ ಮೇಲಿನದನ್ನು ನೇರವಾಗಿ ಎಳೆಯದೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಎತ್ತಲಿ.

ಅಗ್ರಹಾರದ ಅಜ್ಜ:
ಮೇಲಿನ ಪಾತ್ರೆಯನ್ನು ಕೂರಿಸುವಾಗಲೇ ಅದುಮಬಾರದು, ಸುಮ್ಮನೆ ಇಡಬೇಕು. ನಮ್ಮ ಮನೆಯ ಫಿಲ್ಟರನ್ನು ಎರಡು ಕೈ ನೆಟ್ಟಗಿರುವ ನನ್ನ ಮಗನಿಂದಲೂ ಬಿಡಿಸಲಾಗುವುದಿಲ್ಲ.